ಹದಿನಾಲ್ಕು ಹಾಡುಗಳ ಒಂದು ವರ್ಷ: ವಾಟರ್‌ಸನ್ಸ್ ಮೇಳದ ಮೊದಲ ಧ್ವನಿಮುದ್ರಿಕೆ ಮತ್ತು ಇಂಗ್ಲೆಂಡಿನ ಜಾನಪದ ಪುನರುಜ್ಜೀವನ

1965ರಲ್ಲಿ ಲಂಡನ್ನಿನ ಟಾಪಿಕ್ ರೆಕಾರ್ಡ್ಸ್ ಸಂಸ್ಥೆ ‘ಫ್ರಾಸ್ಟ್ ಆ್ಯಂಡ್ ಫೈರ್’ ಎಂಬ ಎಲ್‌ಪಿ ತಟ್ಟೆಯನ್ನು ಹೊರತಂದಿತು. ಹಾಡಿದವರು ಇಂಗ್ಲೆಂಡಿನ ಈಶಾನ್ಯ ಕರಾವಳಿಗೆ ಹತ್ತಿರದ ಬಂದರು ಪಟ್ಟಣ ಹಲ್‌ನ ನಾಲ್ವರು: ನಾರ್ಮಾ, ಮೈಕ್, ಲ್ಯಾಲ್ ಎಂಬ ವಾಟರ್‌ಸನ್ ಮನೆತನದ ಒಡಹುಟ್ಟಿದವರು, ಜೊತೆಗೆ ಅವರ ನೆಂಟ ಜಾನ್ ಹ್ಯಾರಿಸನ್. ಎರಡೂ ಮುಖ ಸೇರಿ ಹದಿನಾಲ್ಕು ಹಾಡು. ಗಿಟಾರ್, ಬ್ಯಾಂಜೊ, ಕನ್ಸರ್ಟಿನಾ ಯಾವುದರ ಆಸರೆಯೂ ಇಲ್ಲ. ಎಲ್ಲವೂ ಕೊರಳಿನ ಮೇಲೆಯೇ ನಿಂತಿದೆ. ಆಚರಣೆಯ ಮತ್ತು ಮಾಂತ್ರಿಕ ಹಾಡುಗಳ ಪಂಚಾಂಗ ಎಂಬ ಅರ್ಥದ ಉಪಶೀರ್ಷಿಕೆ ಹೊತ್ತ ಈ ತಟ್ಟೆಯನ್ನು ‘ಮೆಲೊಡಿ ಮೇಕರ್’ ಪತ್ರಿಕೆ ಆ ವರ್ಷದ ಅತ್ಯುತ್ತಮ ಜಾನಪದ ಮುದ್ರಿಕೆ ಎಂದು ಆರಿಸಿತು. ಅದೇ ವರ್ಷ ಟಾಪಿಕ್‌ನ ‘ನ್ಯೂ ವಾಯ್ಸಸ್’ ಸಂಕಲನದಲ್ಲಿ ಇವರ ಕೆಲವು ಹಾಡುಗಳು ಬಂದಿದ್ದುವಾದರೂ, ಮೇಳದ ಸ್ವಂತ ಹೆಸರಿನ ಮೊದಲ ಪೂರ್ಣ ಮುದ್ರಿಕೆ ಇದೇ.

ಈ ಮುದ್ರಿಕೆಯ ಸುತ್ತ ಎರಡು ನಂಬಿಕೆಗಳು ಬೆಳೆದು ಬಂದಿವೆ. ಇದರ ಹಾಡುಗಳು ಕ್ರೈಸ್ತಪೂರ್ವ ಆರಾಧನೆಗಳ ಪಳೆಯುಳಿಕೆಗಳೆಂಬುದು ಒಂದು. ನಾಲ್ವರು ಹಾಡುವ ರೀತಿ ಇಂಗ್ಲಿಷ್ ಹಳ್ಳಿಗರು ತಲೆತಲಾಂತರದಿಂದ ಹಾಡಿಕೊಂಡು ಬಂದ ರೀತಿಯೆಂಬುದು ಇನ್ನೊಂದು. ಕಳೆದ ನಾಲ್ಕು ದಶಕಗಳ ಸಂಶೋಧನೆಯ ಮುಂದೆ ಎರಡೂ ನಿಲ್ಲುವುದಿಲ್ಲ. ಹಾಗೆಂದು ಮುದ್ರಿಕೆಯ ಬೆಲೆ ತಗ್ಗುವುದಿಲ್ಲ. ಹಳೆಯದನ್ನು ಉಳಿಸಿತೆಂಬ ಹೊಗಳಿಕೆಯನ್ನು ಬದಿಗಿಟ್ಟಾಗಲೇ ಅದು ಹೊಸದಾಗಿ ಏನು ಕಟ್ಟಿತು ಎಂಬುದು ಕಣ್ಣಿಗೆ ಬೀಳುತ್ತದೆ. ಬೇರೆ ಬೇರೆ ಊರುಗಳ ಬಾಗಿಲಲ್ಲಿ, ಬೇರೆ ಬೇರೆ ದಿನಗಳಂದು ಹಾಡುತ್ತಿದ್ದ ಬಿಡಿ ಹಾಡುಗಳನ್ನು ಜೋಡಿಸಿ ಯಾವ ಊರೂ ಬಾಳದ ಒಂದು ವರ್ಷವನ್ನು ಅದು ಕಟ್ಟಿತು. ಆ ವರ್ಷಕ್ಕೆ ಒಪ್ಪುವ ನಾದವೊಂದನ್ನೂ ಕಂಡುಕೊಂಡಿತು. ಈ ಲೇಖನ ಆ ಎರಡು ಕಟ್ಟೋಣಗಳನ್ನು ಕುರಿತದ್ದು.

ಹಲ್‌ನ ಮನೆ, ಲಂಡನ್ನಿನ ಸಂಸ್ಥೆ

ಹಂಬರ್ ನದೀಮುಖದ ಉತ್ತರ ದಂಡೆಯ ಹಲ್ ಆಗ ಆಳಸಮುದ್ರದ ಮೀನುಗಾರಿಕೆಗೆ ಹೆಸರಾದ ಊರು. ಎರಡನೆಯ ಮಹಾಯುದ್ಧದ ಬಾಂಬು ದಾಳಿಯಲ್ಲಿ ತೀವ್ರವಾಗಿ ಜಖಂಗೊಂಡಿದ್ದ ಊರು ಕೂಡ. ನಾರ್ಮಾ ಹುಟ್ಟಿದ್ದು 1939ರಲ್ಲಿ, ಮೈಕ್ 1941ರಲ್ಲಿ, ಲ್ಯಾಲ್ 1943ರಲ್ಲಿ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಮೂವರನ್ನೂ ಜಿಪ್ಸಿ ಮೂಲದ ಅಜ್ಜಿ ಸಾಕಿದರು. ಒಂದೇ ಸೂರಿನಡಿ, ಒಂದೇ ಮಾತಿನ ಧಾಟಿಯಲ್ಲಿ ಬೆಳೆದ ಕೊರಳುಗಳು ಇವು ಎಂಬುದನ್ನು ಮುಂದೆ ಅವರ ಹಾಡುಗಾರಿಕೆಯ ಬಗ್ಗೆ ಹೇಳುವಾಗ ನೆನಪಿಡಬೇಕಾಗುತ್ತದೆ.

ಅವರು ಜಾನಪದಕ್ಕೆ ಬಂದ ದಾರಿ ಅವರ ಓರಗೆಯ ಎಲ್ಲರದೂ. 1956ರಲ್ಲಿ ಲಾನಿ ಡೊನೆಗನ್‌ನ ‘ರಾಕ್ ಐಲೆಂಡ್ ಲೈನ್’ ಬ್ರಿಟನ್ನಿನ ಹುಡುಗರಿಗೆ ಸ್ಕಿಫಲ್ ಹುಚ್ಚು ಹಿಡಿಸಿತ್ತು. ಅಗ್ಗದ ಗಿಟಾರು, ಬಟ್ಟೆ ಒಗೆಯುವ ಹಲಗೆ, ಚಹಾ ಪೆಟ್ಟಿಗೆಗೆ ಕೋಲು-ದಾರ ಕಟ್ಟಿ ಮಾಡಿದ ಮಂದ್ರವಾದ್ಯ: ಇಷ್ಟಿದ್ದರೆ ತಂಡವೊಂದು ಸಿದ್ಧ. ಹಾಡುಗಳೆಲ್ಲ ಅಮೆರಿಕದವು. ವಾಟರ್‌ಸನ್ ಒಡಹುಟ್ಟಿದವರೂ ಹೀಗೆಯೇ ಶುರು ಮಾಡಿ, ಕೆಲಕಾಲ ‘ಫೋಕ್‌ಸನ್ಸ್’ ಎಂಬ ಹೆಸರಿನಲ್ಲಿ ಹಾಡಿದರು. ಹಲ್‌ನ ಪಬ್ ಒಂದರಲ್ಲಿ ‘ಫೋಕ್ ಯೂನಿಯನ್ ಒನ್’ ಎಂಬ ತಮ್ಮದೇ ಕ್ಲಬ್ಬನ್ನು ನಡೆಸಿದರು. ಆ ಹೊತ್ತಿಗೆ ಲಂಡನ್ನಿನಲ್ಲಿ ಜಾನಪದ ಗಾಯಕ ಯುವನ್ ಮೆಕಾಲ್ ತನ್ನ ಕ್ಲಬ್ಬಿನ ವೇದಿಕೆಯಲ್ಲಿ ಹಾಡುವವರು ತಂತಮ್ಮ ನಾಡಿನ, ತಂತಮ್ಮ ನುಡಿಯ ಹಾಡುಗಳನ್ನೇ ಹಾಡಬೇಕೆಂಬ ನಿಯಮ ತಂದಿದ್ದ. ಕಟ್ಟುನಿಟ್ಟಾದ, ಸ್ವಲ್ಪ ಅತಿಯೂ ಆದ ನಿಯಮ. ಆದರೆ ಅದರ ಗಾಳಿ ದೇಶದ ಕ್ಲಬ್ಬುಗಳಿಗೆಲ್ಲ ಬೀಸಿತು. ಅಮೆರಿಕದ ಕೂಲಿಯವನ ದನಿಯನ್ನು ಅನುಕರಿಸುತ್ತಿದ್ದ ತರುಣರು ತಮ್ಮ ಕಾಲ ಕೆಳಗೆ ಏನಿದೆ ಎಂದು ನೋಡತೊಡಗಿದರು.

ಹಲ್‌ನ ಸುತ್ತಮುತ್ತ ಹಾಡಿಗೆ ಬರವಿರಲಿಲ್ಲ. ಲೀಡ್ಸ್‌ನ ಫ್ರ್ಯಾಂಕ್ ಕಿಡ್ಸನ್ 1891ರಷ್ಟು ಹಿಂದೆಯೇ ಯಾರ್ಕ್‌ಷೈರ್ ಮತ್ತು ದಕ್ಷಿಣ ಸ್ಕಾಟ್ಲೆಂಡಿನ ಧಾಟಿಗಳನ್ನು ಅಚ್ಚು ಹಾಕಿಸಿದ್ದರು. ಹಂಬರ್‌ನ ಆಚೆ ದಡದ ಲಿಂಕನ್‌ಷೈರಿನ ಬ್ರಿಗ್‌ನಲ್ಲಿ ಸಂಗೀತ ರಚನಕಾರ ಪರ್ಸಿ ಗ್ರೇಂಜರ್ 1906ರ ಸುಮಾರಿಗೆ ಫೋನೊಗ್ರಾಫ್ ಹೊತ್ತು ತಂದು ಹಾಡುಗಾರ ಜೋಸೆಫ್ ಟೇಲರ್‌ನ ದನಿಯನ್ನು ಮೇಣದ ಕೊಳವೆಯಲ್ಲಿ ಹಿಡಿದಿದ್ದ. ಆದರೆ ಅರವತ್ತರ ದಶಕದ ಪಟ್ಟಣದ ಗಾಯಕರಿಗೆ ಇವೆಲ್ಲ ಮುಖ್ಯವಾಗಿ ದಕ್ಕಿದ್ದು ಗ್ರಂಥಾಲಯದ ಕಪಾಟಿನಿಂದ. ರಾಲ್ಫ್ ವಾನ್ ವಿಲಿಯಮ್ಸ್ ಮತ್ತು ಎ. ಎಲ್. ಲಾಯ್ಡ್ 1959ರಲ್ಲಿ ಸಂಪಾದಿಸಿದ ಪೆಂಗ್ವಿನ್ ಸಂಕಲನ ಜೇಬಿನಲ್ಲಿಟ್ಟುಕೊಂಡು ಓಡಾಡುವ ಪುಸ್ತಕವಾಗಿತ್ತು. ಪುನರುಜ್ಜೀವನದ ಗಾಯಕನಿಗೆ ಪುಸ್ತಕವೇ ಗುರು. ಇದನ್ನು ಕೊರತೆಯೆಂದು ಎತ್ತಿ ಆಡುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಪುಸ್ತಕ ಕೊಡುವುದು ಪದ ಮತ್ತು ಧಾಟಿಯನ್ನು ಮಾತ್ರ. ದನಿಯನ್ನು ಹಾಡುವವನೇ ಹುಡುಕಿಕೊಳ್ಳಬೇಕು. ವಾಟರ್‌ಸನ್ಸ್‌ರ ಸ್ವಾತಂತ್ರ್ಯವೆಲ್ಲ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ.

ಟಾಪಿಕ್ ಸಂಸ್ಥೆ ಸಾಮಾನ್ಯ ವ್ಯಾಪಾರಿ ಕಂಪನಿಯಾಗಿರಲಿಲ್ಲ. 1939ರಲ್ಲಿ ಎಡಪಂಥೀಯ ವರ್ಕರ್ಸ್ ಮ್ಯೂಸಿಕ್ ಅಸೋಸಿಯೇಷನ್ನಿನ ಅಂಗವಾಗಿ ಹುಟ್ಟಿದ ಅದು ಬಹುಕಾಲ ಕೈಯಿಂದ ಬಾಯಿಗೆ ಎಂಬಂತೆ ನಡೆದಿತ್ತು. ಐವತ್ತರ ದಶಕದಲ್ಲಿ ಖರೀದಿ ತೆರಿಗೆಯಿಂದ ತಪ್ಪಿಸಿಕೊಳ್ಳಲು ಕೆಲವು ತಟ್ಟೆಗಳ 99 ಪ್ರತಿಗಳನ್ನಷ್ಟೇ ಒತ್ತಿಸುತ್ತಿದ್ದರು. ಬಿಲ್ ಲೀಡರ್ ಎಂಬ ಧ್ವನಿಗ್ರಾಹಕ ಕ್ಯಾಮ್ಡೆನ್ ಟೌನಿನ ತನ್ನ ಮನೆಯ ಕೋಣೆಗಳಲ್ಲೇ ಆ ಕಾಲದ ಎಷ್ಟೋ ಮುಖ್ಯ ಜಾನಪದ ಮುದ್ರಿಕೆಗಳನ್ನು ತಯಾರಿಸಿದ. ವಾಟರ್‌ಸನ್ಸ್‌ರನ್ನು ಮುದ್ರಿಸಿಕೊಂಡವನೂ ಅವನೇ. ಪ್ರತಿಧ್ವನಿಯ ಅಲಂಕಾರವಿಲ್ಲದ, ಹಾಡುವವರ ಉಸಿರೆಳೆತ ಕೂಡ ಕೇಳುವ ಆ ಒಣ ಸದ್ದು ಟಾಪಿಕ್‌ನ ಗುರುತಾಯಿತು. ಅದರ ಹಿಂದೆ ಸಿದ್ಧಾಂತ ಎಷ್ಟಿತ್ತೋ ಹಣದ ಮುಗ್ಗಟ್ಟೂ ಅಷ್ಟೇ ಇತ್ತೆಂದು ನನ್ನ ಅನುಮಾನ.

ಲಾಯ್ಡ್ ಹೊದಿಸಿದ ಚೌಕಟ್ಟು

ತಟ್ಟೆಯ ರಕ್ಷಾಪುಟದ ಟಿಪ್ಪಣಿ ಬರೆದವರು ಆಲ್ಬರ್ಟ್ ಲ್ಯಾಂಕಸ್ಟರ್ ಲಾಯ್ಡ್ (1908–1982). ಬಡತನದಿಂದ ಹದಿಹರೆಯದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಕುರಿದೊಡ್ಡಿಗಳಲ್ಲಿ ದುಡಿದವರು, ತಿಮಿಂಗಿಲ ಬೇಟೆಯ ಹಡಗಿನಲ್ಲಿ ಅಂಟಾರ್ಕ್ಟಿಕಕ್ಕೆ ಹೋಗಿಬಂದವರು, ಲೋರ್ಕಾನನ್ನು ಇಂಗ್ಲಿಷಿಗೆ ತಂದವರು, ಕಮ್ಯೂನಿಸ್ಟ್ ಪಕ್ಷದ ಸದಸ್ಯರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆ ವಿದ್ವಾಂಸರಾದ ಇವರು ಬಲ್ಗೇರಿಯ, ರುಮೇನಿಯ, ಅಲ್ಬೇನಿಯಗಳ ಹಳ್ಳಿಗಳಲ್ಲಿ ಆಚರಣೆಯ ಹಾಡು ಇನ್ನೂ ಬದುಕಿದ್ದುದನ್ನು ಕಣ್ಣಾರೆ ಕಂಡಿದ್ದರು. 1963ರ ‘ದಿ ಐರನ್ ಮ್ಯೂಸ್’ ಎಂಬ ತಟ್ಟೆಯಲ್ಲಿ ಗಣಿ-ಗಿರಣಿ ಕಾರ್ಮಿಕರ ಹಾಡುಗಳನ್ನು ಒಂದು ವಾದದ ಎಳೆಯಲ್ಲಿ ಪೋಣಿಸಿ ತೋರಿಸಿದ್ದರು. ಎಲ್‌ಪಿ ಎಂದರೆ ಹಾಡುಗಳ ಗಂಟಲ್ಲ, ಪ್ರಬಂಧ ಎಂಬ ಅವರ ಕಲ್ಪನೆಯೇ ‘ಫ್ರಾಸ್ಟ್ ಆ್ಯಂಡ್ ಫೈರ್’ಗೂ ಆಧಾರ.

ಟಿಪ್ಪಣಿಯ ವಾದವನ್ನು ಹೀಗೆ ಸಂಗ್ರಹಿಸಬಹುದು. ಬೇಸಾಯವನ್ನೇ ನೆಚ್ಚಿದ ಆದಿಸಮಾಜಕ್ಕೆ ಚಳಿಗಾಲವೆಂದರೆ ಸೂರ್ಯನ ಸಾವು, ಚೈತ್ರವೆಂದರೆ ಮರುಹುಟ್ಟು; ಬೆಳೆ, ದನಕರು, ಮಕ್ಕಳು ಹೆಚ್ಚಲೆಂದು ಜನ ಮಾಡಿದ ಮಾಟವೇ ಈ ಹಾಡುಗಳ ಬೇರು; ಕ್ರೈಸ್ತಧರ್ಮ ಅದರ ಮೇಲೆ ತೆಳುವಾಗಿ ಬಳಿದ ಬಣ್ಣ. ಇವು ಉಳಿದು ಬಂದದ್ದು ಯಾವುದೋ ನಿಗೂಢ ಶಕ್ತಿಯಿಂದಲ್ಲ, ಜನರ ಹೊಟ್ಟೆಪಾಡಿನ ಜೊತೆ ಅವಕ್ಕಿದ್ದ ನಂಟಿನಿಂದ ಎಂದು ಲಾಯ್ಡ್ ಒತ್ತಿ ಹೇಳುತ್ತಾರೆ. ಮೊದಲರ್ಧ ಜೇಮ್ಸ್ ಫ್ರೇಜರನ ‘ದಿ ಗೋಲ್ಡನ್ ಬೋ’, ಎರಡನೆಯರ್ಧ ಮಾರ್ಕ್ಸ್. ಸತ್ತು ಹುಟ್ಟುವ ಸಸ್ಯದೇವತೆಯ ಕಥೆಯನ್ನು 1890ರಲ್ಲಿ ಹೊರಟ ಆ ಗ್ರಂಥ ಎಷ್ಟು ಮನಮೋಹಕವಾಗಿ ಹೇಳಿತ್ತೆಂದರೆ, ಮಾನವಶಾಸ್ತ್ರಜ್ಞರು ಅದನ್ನು ಕೈಬಿಟ್ಟು ದಶಕಗಳಾದ ಮೇಲೂ ಕವಿಗಳೂ ಜಾನಪದ ಪ್ರಿಯರೂ ಬಿಡಲು ಒಲ್ಲದೆ ಹೋದರು.

ಈಗ ಹಾಡುಗಳ ಅನುಕ್ರಮವನ್ನು ನೋಡಬೇಕು. ತಟ್ಟೆ ಶುರುವಾಗುವುದು ವಸೇಲ್ ಹಾಡಿನಿಂದ, ಎಂದರೆ ಕ್ರಿಸ್‌ಮಸ್-ಹೊಸವರ್ಷದ ದಿನಗಳಲ್ಲಿ ಮನೆಮನೆಗೆ ಹೋಗಿ ಹರಸಿ ಪಾನಕಾಣಿಕೆ ಬೇಡುವ ಹಾಡಿನಿಂದ. ಮುಂದೆ ಡಾರ್ಬಿಯ ದೈತ್ಯ ಟಗರಿನ ಹಾಡು, ಈಸ್ಟರ್ ಕಾಲದ ಪೇಸ್-ಎಗ್ ಹಾಡು, ಶಿಲುಬೆಯ ಮೇಲಿನ ಮಗನನ್ನು ಹುಡುಕಿ ಬರುವ ಮೇರಿಯ ಹಾಡು, ಕಾರ್ನ್‌ವಾಲ್‌ನ ಹಾಲಿ ಗಿಡದ ಕ್ಯಾರೊಲ್. ಮೊದಲ ಮುಖ ಮುಗಿಯುವುದು ಹೆಲ್ಸ್ಟನ್ ಊರಿನ ಮೇ ತಿಂಗಳ ‘ಹಾಲ್-ಆ್ಯನ್-ಟೋ’ದೊಂದಿಗೆ. ತಟ್ಟೆ ತಿರುಗಿಸಿ ಹಾಕಿದರೆ ಅರ್ಸ್‌ಡನ್‌ನ ಕತ್ತಿ ಕುಣಿತದ ಹಾಡು, ‘ಜಾನ್ ಬಾರ್ಲಿಕಾರ್ನ್’, ಸುಗ್ಗಿಯ ಹಾಡು, ನವೆಂಬರಿನ ಸೋಲಿಂಗ್ ಹಾಡು, ಎರಡು ಕ್ರಿಸ್‌ಮಸ್ ಹಾಡು, ಕೊನೆಗೆ ಮತ್ತೊಂದು ವಸೇಲ್. ಚಳಿಯಿಂದ ಚಳಿಗೆ ಒಂದು ಸುತ್ತು. ಮುಖ ತಿರುಗಿಸುವ ಜಾಗ ಸರಿಯಾಗಿ ವಸಂತದ ತುದಿಗೆ ಬಂದಿದೆ. ಎಲ್‌ಪಿಯ ಯಾಂತ್ರಿಕ ಮಿತಿಯೇ ಋತುಸಂಧಿಯಾಗಿದೆ. ಎಲ್ಲ ಕಡೆ ಕ್ರಮ ಅಚ್ಚುಕಟ್ಟಾಗಿಲ್ಲ. ಕತ್ತಿ ಕುಣಿತ ನಾರ್ತಂಬರ್ಲೆಂಡಿನ ಗಣಿ ಊರುಗಳಲ್ಲಿ ಚಳಿಗಾಲದ ಮನರಂಜನೆ. ಅದು ಮೇ ತಿಂಗಳಿಗೂ ಸುಗ್ಗಿಗೂ ನಡುವೆ ಕುಳಿತಿದೆ. ಕೇಳುವಾಗ ಯಾರಿಗೂ ಅದು ತಟ್ಟುವುದಿಲ್ಲ.

ಇಂಥ ವರ್ಷವನ್ನು ಬಾಳಿದ ಊರು ಇಂಗ್ಲೆಂಡಿನಲ್ಲಿ ಒಂದೂ ಇರಲಿಲ್ಲ. ಹೆಲ್ಸ್ಟನ್ ತೀರ ನೈಋತ್ಯದ ಮೂಲೆ, ಅರ್ಸ್‌ಡನ್ ಈಶಾನ್ಯದ ಅಂಚು, ಸೋಲಿಂಗ್ ಚೆಷೈರಿನ ಪಶ್ಚಿಮ ಬಯಲು. ಹೆಲ್ಸ್ಟನ್ನಿನವನಿಗೆ ಪೇಸ್-ಎಗ್ ಗೊತ್ತಿಲ್ಲ. ಗಣಿಯವನಿಗೆ ಹಾಲ್-ಆ್ಯನ್-ಟೋ ಗೊತ್ತಿಲ್ಲ. ಜಾರ್ಜಿನಾ ಬಾಯ್ಸ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುನರುಜ್ಜೀವನವಾದಿಗಳ ‘ಕಲ್ಪಿತ ಹಳ್ಳಿ’ಯನ್ನು ಕುರಿತು ಬರೆಯುತ್ತಾರೆ: ಎಲ್ಲಿಯೂ ಇಲ್ಲದ, ಆದರೆ ಎಲ್ಲ ಹಾಡೂ ಅಲ್ಲಿಂದಲೇ ಬಂದಂತೆ ನಂಬಲಾದ ಹಳ್ಳಿ. ಆ ಹಳ್ಳಿಗೆ ಪಂಚಾಂಗ ಬರೆದುಕೊಟ್ಟ ಕೃತಿ ‘ಫ್ರಾಸ್ಟ್ ಆ್ಯಂಡ್ ಫೈರ್’ ಎನ್ನಬಹುದು. ಬಾಯ್ಸ್ ಅವರ ಮಾತಿನಲ್ಲಿ ದೂರಿನ ಛಾಯೆಯಿದೆ. ನಾನು ಅದನ್ನು ದೂರಾಗಿ ಓದುವುದಿಲ್ಲ. ಆಚರಣೆಯ ಹಾಡಿಗೆ ಅದರ ದಿನವೇ ಜೀವ. ನವೆಂಬರ್ 2ರಂದು ಬಾಗಿಲಲ್ಲಿ ಹಾಡುವುದನ್ನು ಜೂನ್ ತಿಂಗಳಲ್ಲಿ ಕ್ಲಬ್ಬಿನಲ್ಲಿ ಹಾಡಿದರೆ ಅದು ಬರಿಯ ಹಾಡು. ದಿನ ಕಳೆದುಕೊಂಡ ಹಾಡುಗಳಿಗೆ ಈ ತಟ್ಟೆ ಅಕ್ಕಪಕ್ಕದ ಹಾಡುಗಳನ್ನೇ ದಿನವಾಗಿ ಕೊಟ್ಟಿತು. ಸೋಲಿಂಗ್ ಹಾಡಿಗೆ ಹಿಂದೆ ಸುಗ್ಗಿ, ಮುಂದೆ ಕ್ರಿಸ್‌ಮಸ್ ಇರುವುದರಿಂದ ಮಾತ್ರ ಅದು ನಮಗೆ ನವೆಂಬರಿನ ಹಾಡಾಗಿ ಕೇಳಿಸುತ್ತದೆ.

ಮೂರು ಹಾಡುಗಳ ಒಳಗೆ

ಮೊದಲು ಹಾಲ್-ಆ್ಯನ್-ಟೋ. ಮೇ 8ರಂದು ಹೆಲ್ಸ್ಟನ್ ಊರಿನ ಬೀದಿಗಳಲ್ಲಿ ವೇಷಧಾರಿಗಳು ಹಸಿರು ಕೊಂಬೆ ಹಿಡಿದು ಹಾಡುತ್ತ ಬರುವ ಆಚರಣೆ. ರಾಬಿನ್ ಹುಡ್, ಸಂತ ಜಾರ್ಜ್, ಸ್ಪೇನ್ ದೇಶದವರು ಎಲ್ಲರೂ ಆ ಪದದಲ್ಲಿ ಬಂದುಹೋಗುತ್ತಾರೆ. ಕೇಳಿದವರಿಗೆ ಮರೆಯಲಾಗದ್ದು ಮಾತ್ರ ತಲೆಯ ಮೇಲೆ ಕೊಂಬು ಧರಿಸಲು ನಾಚಬೇಡ, ಅದು ನಿನ್ನ ಅಪ್ಪ-ಅಜ್ಜಂದಿರ ಲಾಂಛನ ಎಂಬರ್ಥದ ಸೊಲ್ಲು. ಕೊಂಬಿನ ದೇವರನ್ನು ಹುಡುಕುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ ಈ ಸೊಲ್ಲು ಶೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದ ನಾಲ್ಕನೆಯ ಅಂಕದಲ್ಲಿ ಬೇಟೆಗಾರರು ಹಾಡುವ ಹಾಡಿನದು. ಅಲ್ಲಿ ಕೊಂಬು ಎಂದರೆ ಹೆಂಡತಿಯಿಂದ ವಂಚಿತನಾದ ಗಂಡನ ಮೇಲಿನ ಹಳೆಯ ಗೇಲಿ. ಹೆಲ್ಸ್ಟನ್ನಿನ ಬೀದಿಯ ಪಾಠಕ್ಕೆ ನಾಟಕದ ಸಾಲುಗಳನ್ನು ಹೊಲಿದು ಮಾಡಿದ ರೂಪ ಇದು. ಮೂಲ ಆಚರಣೆಯಾದರೂ ಅವಿಚ್ಛಿನ್ನವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಿಂತುಹೋಗಿದ್ದ ಹಾಲ್-ಆ್ಯನ್-ಟೋವನ್ನು 1930ರಲ್ಲಿ ಅಲ್ಲಿನ ಓಲ್ಡ್ ಕಾರ್ನ್‌ವಾಲ್ ಸೊಸೈಟಿ ಮತ್ತೆ ಎಬ್ಬಿಸಿತ್ತು. ಪುನರುಜ್ಜೀವನದ ಮೇಳವೊಂದು ಪುನರುಜ್ಜೀವಿತ ಆಚರಣೆಯೊಂದರ ಹಾಡನ್ನು ಎಲಿಜಬೆತ್ ಕಾಲದ ರಂಗಗೀತೆಯೊಂದಿಗೆ ಬೆರೆಸಿ ಹಾಡಿತು. ಕೇಳಿದವರು ಶಿಲಾಯುಗದ ಸದ್ದು ಕೇಳಿದೆವೆಂದು ರೋಮಾಂಚನಗೊಂಡರು. ಹೊಲಿಗೆ ಕಾಣದಷ್ಟು ಚೆನ್ನಾಗಿದೆ ಎಂಬುದನ್ನೂ ಹೇಳಬೇಕು.

ಸೋಲಿಂಗ್ ಹಾಡಿನ ಕತೆ ಬೇರೆ ಥರದ್ದು. ನವೆಂಬರಿನ ಮೊದಲ ದಿನಗಳಲ್ಲಿ ಚೆಷೈರಿನ ಬಡಮಕ್ಕಳೂ ಕೂಲಿಯವರೂ ಮನೆಬಾಗಿಲಿಗೆ ಹೋಗಿ ‘ಆತ್ಮದ ರೊಟ್ಟಿ’, ಸೇಬು, ಬಿಯರು, ಬಿಡಿಕಾಸು ಬೇಡುತ್ತಿದ್ದರು. ಇದರ ಬೇರು ಮಧ್ಯಯುಗದ ಕ್ಯಾಥೊಲಿಕ್ ನಂಬಿಕೆಯಲ್ಲಿದೆ: ಪರ್ಗಟರಿಯಲ್ಲಿ ಬೇಯುತ್ತಿರುವ ಸತ್ತವರಿಗಾಗಿ ಪ್ರಾರ್ಥಿಸುವುದು, ಪ್ರಾರ್ಥಿಸಿದವರಿಗೆ ರೊಟ್ಟಿ ಕೊಡುವುದು. ಹದಿನಾರನೆಯ ಶತಮಾನದ ಮತಸುಧಾರಣೆ ಸತ್ತವರ ಪ್ರಾರ್ಥನೆಯನ್ನು ನಿಷೇಧಿಸಿತು. ಬೇಡುವುದು ಉಳಿಯಿತು. ಎಂದರೆ ಇಲ್ಲಿ ನಿಜಕ್ಕೂ ಒಂದು ಪಳೆಯುಳಿಕೆಯಿದೆ, ಆದರೆ ಅದು ಕ್ರೈಸ್ತಪೂರ್ವದ್ದಲ್ಲ. ಕ್ರೈಸ್ತಧರ್ಮದ್ದೇ, ಅದರ ತಿರಸ್ಕೃತ ಪದರದ್ದು. ಮುದ್ರಿಕೆಯ ಹದಿನಾಲ್ಕರಲ್ಲಿ ಮೇರಿಯ ಹಾಡು, ಹಾಲಿ ಗಿಡದ ಕ್ಯಾರೊಲ್, ಹೆರೋದನ ತಟ್ಟೆಯಲ್ಲಿ ಬೆಂದ ಹುಂಜ ಎದ್ದು ಕೂಗುವ ಹಾಡು, ಕ್ರಿಸ್‌ಮಸ್‌ನ ಉಪದೇಶದ ಹಾಡು ಇವೆಲ್ಲ ನೇರವಾಗಿ ಕ್ರೈಸ್ತ ವಸ್ತುವಿನವು. ತೆಳು ಬಣ್ಣವೆಂದು ಲಾಯ್ಡ್ ಪಕ್ಕಕ್ಕೆ ಸರಿಸಿದ್ದು ಗೋಡೆಯೇ ಆಗಿರಬಹುದು. ರೊನಾಲ್ಡ್ ಹಟನ್ 1996ರ ‘ದಿ ಸ್ಟೇಷನ್ಸ್ ಆಫ್ ದಿ ಸನ್’ ಗ್ರಂಥದಲ್ಲಿ ಬ್ರಿಟನ್ನಿನ ಋತು ಆಚರಣೆಗಳ ದಾಖಲೆಗಳನ್ನು ಒಂದೊಂದಾಗಿ ಶೋಧಿಸಿ, ಬಹುಪಾಲು ಮಧ್ಯಯುಗದ ಕೊನೆಗೋ ಆಮೇಲೋ ರೂಪುಗೊಂಡವೆಂದು ತೋರಿಸಿದ ಬಳಿಕ ಫ್ರೇಜರನ ಚೌಕಟ್ಟಿಗೆ ಹಿಂದಿರುಗುವ ದಾರಿ ಉಳಿದಿಲ್ಲ.

ದೀಪಾವಳಿಯ ರಾತ್ರಿಗಳಲ್ಲಿ ಮಲೆನಾಡಿನ ಮನೆಮನೆಗೆ ದೀಪ ಹೊತ್ತು ಹೋಗುವ ಅಂಟಿಕೆ-ಪಂಟಿಕೆಯವರ ಪದಗಳನ್ನು ಬಲ್ಲ ಓದುಗರಿಗೆ ಇಂಥ ಹಾಡುಗಳ ಜಾಯಮಾನವನ್ನು ವಿವರಿಸಬೇಕಿಲ್ಲ: ಬಾಗಿಲಲ್ಲಿ ನಿಲ್ಲುವುದು, ಹರಸುವುದು, ಕೊಟ್ಟದ್ದನ್ನು ಪಡೆದು ಮುಂದಿನ ಮನೆಗೆ ಸಾಗುವುದು. ಇಂಗ್ಲೆಂಡಿನ ಆಚರಣೆಗಳಲ್ಲಿ ಈ ಪಡೆಯುವ ಭಾಗ ತುಂಬ ಮುಖ್ಯವಾದದ್ದು. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲ, ಕೂಲಿಯಿಲ್ಲ. ವಸೇಲ್, ಸೋಲಿಂಗ್, ಪೇಸ್-ಎಗ್, ಡಾರ್ಬಿ ಟಗರು ಇವೆಲ್ಲ ಭಿಕ್ಷೆ ಎನ್ನಿಸಿಕೊಳ್ಳದೆ ಉಳ್ಳವರಿಂದ ಕಾಸು-ಕಾಳು ಪಡೆಯುವ ಮರ್ಯಾದೆಯ ಉಪಾಯಗಳು. ನನಗೆ ವಿಚಿತ್ರವಾಗಿ ಕಾಣುವುದು ಇದು: ಹೊಟ್ಟೆಪಾಡಿನ ಮಾತೆತ್ತಿದ ಮಾರ್ಕ್ಸ್‌ವಾದಿ ಲಾಯ್ಡ್ ಆ ಹೊಟ್ಟೆಪಾಡನ್ನು ಆದಿಮ ಹೊಲದಲ್ಲಿ ಹುಡುಕಿದರು, ಆದರೆ ಜಮೀನ್ದಾರನ ಬಾಗಿಲಲ್ಲಿ, ಹತ್ತೊಂಬತ್ತನೆಯ ಶತಮಾನದ ಕೂಲಿಕಾರನ ಚಾಚಿದ ಟೋಪಿಯಲ್ಲಿ ಅದು ಇನ್ನೂ ಹತ್ತಿರದಲ್ಲಿತ್ತು. ವರ್ಗಸಂಬಂಧದ ಓದಿಗೆ ಹೇಳಿ ಮಾಡಿಸಿದಂಥ ಸಾಮಗ್ರಿಯನ್ನು ಫ್ರೇಜರನ ಮೋಹ ಮರೆಮಾಡಿತು.

ಮೂರನೆಯದು ‘ಜಾನ್ ಬಾರ್ಲಿಕಾರ್ನ್’. ಮೂವರು ಸೇರಿ ಜಾನ್‌ನನ್ನು ಕೊಲ್ಲಲು ಪಣ ತೊಡುತ್ತಾರೆ. ಹೂಳುತ್ತಾರೆ, ಅವನು ಚಿಗುರಿ ಏಳುತ್ತಾನೆ. ಕಡಿಯುತ್ತಾರೆ, ಕಟ್ಟುತ್ತಾರೆ, ಬಡಿಯುತ್ತಾರೆ, ಗಿರಣಿಯಲ್ಲಿ ಅರೆಯುತ್ತಾರೆ. ಕೊನೆಗೆ ಅವನು ಬಿಯರಾಗಿ ಗೆಲ್ಲುತ್ತಾನೆ. ಜವೆಯ ಬೇಸಾಯವನ್ನೇ ಕೊಲೆಯ ಕತೆಯಾಗಿ ಹೇಳುವ ಒಗಟು. ಫ್ರೇಜರನ ಸಸ್ಯದೇವತೆಗೆ ಇಷ್ಟು ಚೆನ್ನಾಗಿ ಒಗ್ಗುವ ಹಾಡು ಬೇರಿಲ್ಲ. ಹಾಗಾಗಿಯೇ ಅದರ ಮೇಲೆ ಅನುಮಾನವೂ ಬೇಕು. ನಮಗೆ ಸಿಗುವ ಹಳೆಯ ರೂಪ ಹದಿನೇಳನೆಯ ಶತಮಾನದ ಲಂಡನ್ನಿನ ಬೀದಿಯಲ್ಲಿ ಮಾರುತ್ತಿದ್ದ ಒಂಟಿ ಹಾಳೆಯ ಲಾವಣಿ, ಕುಡಿತದ ತಮಾಷೆಯ ರೂಪಕ. ರಾಬರ್ಟ್ ಬರ್ನ್ಸ್ 1782ರಲ್ಲಿ ಅದನ್ನು ತನ್ನ ಕೈಯಲ್ಲಿ ತಿದ್ದಿ ಬರೆದ. ಅದನ್ನು ಹೊಲದ ಆರಾಧನೆಗೆ ಜೋಡಿಸುವ ದಾಖಲೆ ಇಲ್ಲ. ಆದರೂ ಈ ತಟ್ಟೆಯಲ್ಲಿ, ಸುಗ್ಗಿಯ ಹಾಡಿಗೆ ಮುಂಚೆ, ನಗೆಯ ಸುಳಿವಿಲ್ಲದ ದನಿಯಲ್ಲಿ ಕೇಳಿದಾಗ ಅದು ಬಲಿಯ ಕತೆಯಾಗಿಯೇ ಕಿವಿಗೆ ಬೀಳುತ್ತದೆ. ಲಾವಣಿಯ ತಮಾಷೆಯನ್ನು ಆರಾಧನೆಯಾಗಿ ಮಾಡಿದ್ದು ಆದಿಮ ಜನರಲ್ಲ, 1965ರ ಹಾಡುಗಾರಿಕೆ. ಈ ಮುದ್ರಿಕೆಯಿಂದಲೇ ಹಾಡನ್ನು ಕಲಿತ ರಾಕ್ ತಂಡ ಟ್ರಾಫಿಕ್ 1970ರ ತನ್ನ ಆಲ್ಬಮ್ಮಿಗೆ ಬಾರ್ಲಿಕಾರ್ನ್‌ನ ಹೆಸರಿಟ್ಟಿತು. ಜವೆಯ ದೇವರು ಲಕ್ಷಾಂತರ ಮನೆಗಳನ್ನು ಹೊಕ್ಕ.

ನಾದ

ಇಂಗ್ಲೆಂಡಿನ ಜನಪದ ಹಾಡು ಮುಖ್ಯವಾಗಿ ಒಬ್ಬರ ಹಾಡು. ಸೆಸಿಲ್ ಶಾರ್ಪ್ 1903ರಿಂದ ಸಂಗ್ರಹಿಸಿದ್ದು ಬಹುಪಾಲು ಒಂಟಿ ಕೊರಳಿನ ಧಾಟಿಗಳನ್ನು. ಪಲ್ಲವಿಯಲ್ಲಿ ಜನ ಕೂಡಿದರೆ ಎಲ್ಲರದೂ ಒಂದೇ ಸ್ವರ. ದೊಡ್ಡ ಅಪವಾದ ಸಸೆಕ್ಸಿನ ರಾಟಿಂಗ್‌ಡೀನ್‌ನ ಕಾಪರ್ ಕುಟುಂಬ. ತಲೆಮಾರುಗಳಿಂದ ಎರಡು ಎಳೆಯಲ್ಲಿ ಹಾಡಿಕೊಂಡು ಬಂದ ಆ ಮನೆಯವರ ಹಾಡನ್ನು ಬಿಬಿಸಿ ಐವತ್ತರ ದಶಕದಲ್ಲಿ ದೇಶಕ್ಕೆ ಕೇಳಿಸಿತ್ತು. ಕಾಪರ್ ಮನೆಯ ಎಳೆಗಳು ಸೌಮ್ಯ, ದುಂಡು. ವಾಟರ್‌ಸನ್ಸ್‌ರದು ಹಾಗಲ್ಲ.

ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಇಗರ್ಜಿಯ ಮೇಳಗಾನ ನೆಚ್ಚುವುದು ಷಡ್ಜದ ಜೊತೆ ಗಾಂಧಾರ ಸೇರಿದಾಗ ಬರುವ ಮಾಧುರ್ಯವನ್ನು. ವಾಟರ್‌ಸನ್ಸ್‌ರ ಹಾಡಿನಲ್ಲಿ ಅದು ಕಡಿಮೆ. ಅವರ ನೆಲೆ ಷಡ್ಜ-ಪಂಚಮ, ಷಡ್ಜ-ಮಧ್ಯಮ. ನಡುವೆ ಬಯಲು ಬಿಟ್ಟಂಥ ಸಂವಾದ. ಸಾಲಿನ ಮಧ್ಯದಲ್ಲಿ ನಾಲ್ಕು ಕೊರಳು ಬೇರೆ ಬೇರೆ ದಾರಿ ಹಿಡಿದು, ಕ್ಷಣಕಾಲ ಪಕ್ಕದ ಸ್ವರಗಳು ಒಂದನ್ನೊಂದು ಉಜ್ಜಿ, ಸಾಲಿನ ಕೊನೆಯಲ್ಲಿ ಒಂದೇ ಸ್ವರಕ್ಕೆ ಬಂದು ಬೀಳುತ್ತವೆ. ಮೂಲ ಧಾಟಿ ಯಾವಾಗಲೂ ಮೇಲಿನ ದನಿಯಲ್ಲಿರುವುದಿಲ್ಲ. ಗಂಡುದನಿಯಲ್ಲಿ ಹುದುಗಿಕೊಂಡು ಹೆಣ್ಣುದನಿ ಅದರ ಮೇಲೆ ಹಾದುಹೋಗುವುದುಂಟು. ಯಾರೂ ಇನ್ನೊಬ್ಬರಿಗೆ ಪಕ್ಕವಾದ್ಯದಂತೆ ಮೆಲುದನಿಯಲ್ಲಿ ಹಾಡುವುದಿಲ್ಲ. ಪ್ರತಿಯೊಬ್ಬರೂ ತಾನೇ ಮುಖ್ಯ ಗಾಯಕನೆಂಬಂತೆ ತುಂಬುಗಂಟಲಲ್ಲಿ, ಕಂಪಿತವಿಲ್ಲದೆ, ಹಲ್‌ನ ಮಾತಿನ ಎಳೆತವನ್ನು ಮುಚ್ಚಿಡದೆ ಹಾಡುತ್ತಾರೆ. ನಾರ್ಮಾಳದು ಭಾರವಾದ, ಅಗಲವಾದ ದನಿ. ಮೈಕ್‌ನದು ಸ್ವಲ್ಪ ಮೂಗಿನ, ಸ್ವರದಿಂದ ಸ್ವರಕ್ಕೆ ಜಾರುವ ದನಿ. ಲ್ಯಾಲ್‌ಳದು ತೆಳುವಾದ, ಅಂಚು ಚೂಪಾದ ದನಿ. ಸ್ವರಲಿಪಿ ಬರೆದು ಕಲಿತ ಏರ್ಪಾಡು ಇದಲ್ಲ. ಒಬ್ಬರು ಹಿಡಿದ ಸ್ವರವನ್ನು ನೋಡಿ ಇನ್ನೊಬ್ಬರು ಖಾಲಿಯಿದ್ದದ್ದನ್ನು ಹಿಡಿಯುವ ಪದ್ಧತಿ. ಒಂದೇ ಮನೆಯಲ್ಲಿ ಬೆಳೆದವರಿಗೆ ಮಾತ್ರ ಇದು ಹೀಗೆ ಸಲೀಸು. ಸ್ವರಗಳ ಹೊಂದಿಕೆಗಿಂತ ಹೆಚ್ಚಾಗಿ ಸ್ವರಾಕ್ಷರಗಳ ಹೊಂದಿಕೆ, ಅಂದರೆ ‘ಆ’ಕಾರ ‘ಓ’ಕಾರಗಳನ್ನು ಎಲ್ಲರೂ ಒಂದೇ ಆಕಾರದ ಬಾಯಲ್ಲಿ ತೆರೆಯುವುದು, ನಾಲ್ಕನ್ನೂ ಒಂದು ಕೊರಳಾಗಿಸುತ್ತದೆ.

ಕೇಳುಗರು ಇದನ್ನು ಪ್ರಾಚೀನವೆಂದು ಗ್ರಹಿಸಲು ಕಾರಣವೂ ಇಲ್ಲೇ ಇದೆ. ಬಯಲು ಪಂಚಮಗಳು ಯುರೋಪಿನ ಕಿವಿಗೆ ಮಧ್ಯಯುಗದ ಮಠಗಳನ್ನು ನೆನಪಿಸುತ್ತವೆ. ಉಜ್ಜುವ ಸ್ವರಗಳು ಲಾಯ್ಡ್‌ಗೆ ಬಾಲ್ಕನ್ ಹಳ್ಳಿಗಳನ್ನು ನೆನಪಿಸಿದ್ದರೆ ಆಶ್ಚರ್ಯವಿಲ್ಲ. ಟಿಪ್ಪಣಿ ಮತ್ತು ನಾದ ಒಂದನ್ನೊಂದು ಪುಷ್ಟೀಕರಿಸಿದವು. ಮಾಟದ ಹಾಡೆಂದು ಓದಿದವರಿಗೆ ಸದ್ದು ಮಾಟದಂತೆ ಕೇಳಿಸಿತು. ಸದ್ದು ಹಾಗೆ ಕೇಳಿಸಿದ್ದರಿಂದ ಓದಿದ್ದು ನಿಜವೆನಿಸಿತು.

1965ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ಗದ್ದಲವೆಬ್ಬಿಸಿದ. ಅಟ್ಲಾಂಟಿಕಿನ ಈಚೆ ಅದೇ ವರ್ಷ ನಾಲ್ವರು ಗಿಟಾರನ್ನೇ ಕೆಳಗಿಟ್ಟರು. ಮರುವರ್ಷ ಪೀಟರ್ ಬೆಲಮಿ, ಹೆದರ್ ವುಡ್, ರಾಯ್ಸ್ಟನ್ ವುಡ್‌ರ ‘ಯಂಗ್ ಟ್ರೆಡಿಷನ್’ ತನ್ನ ಮೊದಲ ಮುದ್ರಿಕೆ ತಂದಿತು. ವಾದ್ಯವಿಲ್ಲದ ಮೇಳಗಾನ ಕ್ಲಬ್ಬುಗಳ ಸಾಮಾನ್ಯ ರೂಢಿಯಾಗಿ, ಪುನರುಜ್ಜೀವನದ ಹಳೆಯ ‘ಸಂಪ್ರದಾಯ’ವೆನ್ನಿಸಿಕೊಂಡಿತು. ವಾಟರ್‌ಸನ್ಸ್‌ರ ತಿರುಗಾಟದ ಬದುಕನ್ನು ಡೆರಿಕ್ ನೈಟ್ 1966ರ ‘ಟ್ರಾವೆಲಿಂಗ್ ಫಾರ್ ಎ ಲಿವಿಂಗ್’ ಸಾಕ್ಷ್ಯಚಿತ್ರದಲ್ಲಿ ಹಿಡಿದಿದ್ದಾರೆ. ಅದರ ಶೀರ್ಷಿಕೆ ಸೂಚಿಸುವಂತೆ, ಬಾಗಿಲಿಂದ ಬಾಗಿಲಿಗೆ ಹಾಡಿ ಕಾಸು ಪಡೆಯುವವರ ಹಾಡುಗಳನ್ನು ಊರಿಂದೂರಿಗೆ ಹಾಡಿ ಕಾಸು ಪಡೆಯುವುದು ಇವರ ಜೀವನವಾಗಿತ್ತು. ದಣಿದ ಮೇಳ 1968ರಲ್ಲಿ ಚದುರಿತು. ನಾರ್ಮಾ ಕೆರಿಬಿಯನ್‌ನ ಮಾಂಟ್‌ಸೆರಾಟ್ ದ್ವೀಪಕ್ಕೆ ರೇಡಿಯೊ ಕೆಲಸಕ್ಕೆ ಹೋದಳು. ಮೈಕ್ ಮತ್ತು ಲ್ಯಾಲ್ 1972ರಲ್ಲಿ ‘ಬ್ರೈಟ್ ಫೀಬಸ್’ ಎಂಬ ಸ್ವಂತ ರಚನೆಗಳ ಮುದ್ರಿಕೆ ತಂದರು. ಅದೇ ಸುಮಾರಿಗೆ ಮೇಳ ಮತ್ತೆ ಕೂಡಿ, ಜಾನ್ ಹ್ಯಾರಿಸನ್ನನ ಜಾಗಕ್ಕೆ ನಾರ್ಮಾಳ ಪತಿ ಮಾರ್ಟಿನ್ ಕಾರ್ಥಿ ಬಂದರು.

ಹೀಗೆ ಕೂಡಿದ ಮೇಳ 1977ರಲ್ಲಿ ‘ಸೌಂಡ್, ಸೌಂಡ್ ಯುವರ್ ಇನ್‌ಸ್ಟ್ರುಮೆಂಟ್ಸ್ ಆಫ್ ಜಾಯ್’ ಎಂಬ ತಟ್ಟೆಯನ್ನು ಟಾಪಿಕ್‌ಗಾಗಿಯೇ ಹಾಡಿತು. ಅದರ ತುಂಬ ಕ್ರೈಸ್ತ ಭಜನೆಗಳು. ಅಮೆರಿಕದ ‘ಸೇಕ್ರೆಡ್ ಹಾರ್ಪ್’ ಪರಂಪರೆಯ ‘ಇಡುಮಿಯಾ’ ಕೂಡ ಅಲ್ಲಿದೆ. ಚಾರ್ಲ್ಸ್ ವೆಸ್ಲಿಯ ಪದಕ್ಕೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಧಾಟಿ ಅದು. ಈ ಪರಂಪರೆಯ ಲಕ್ಷಣಗಳನ್ನು ಯಾವ ಕೈಪಿಡಿಯಲ್ಲಾದರೂ ನೋಡಬಹುದು: ಬಯಲು ಪಂಚಮ-ಮಧ್ಯಮಗಳು, ನಡುವಿನ ದನಿಯಲ್ಲಿ ಹುದುಗಿದ ಮೂಲ ಧಾಟಿ, ಒಂದನ್ನೊಂದು ದಾಟುವ ಎಳೆಗಳು, ಕಂಪಿತವಿಲ್ಲದ ತುಂಬುಗಂಟಲು. ‘ಫ್ರಾಸ್ಟ್ ಆ್ಯಂಡ್ ಫೈರ್’ನ ನಾದಕ್ಕೆ ಮೇಲೆ ಹೇಳಿದ ಲಕ್ಷಣಗಳೂ ಇವೇ. ಮೇಳ ತನ್ನ ಹಾಡುವ ರೀತಿಯನ್ನು 1977ಕ್ಕಾಗಿ ಬದಲಿಸಿಕೊಂಡಂತೆ ಕೇಳುವುದಿಲ್ಲ. 1965ರಲ್ಲಿ ಕ್ರಿಸ್ತನಿಗಿಂತ ಹಿಂದಿನದೆಂದು ಕೇಳಿಸಿದ ಸದ್ದು ಹಳ್ಳಿಗಾಡಿನ ಪ್ರಾಟೆಸ್ಟೆಂಟ್ ಪ್ರಾರ್ಥನಾ ಮಂದಿರದ ಪದಗಳಿಗೂ ಸರಾಗವಾಗಿ ಹೊಂದಿಕೊಂಡಿತು. ಈ ಎರಡು ತಟ್ಟೆಗಳನ್ನು ಎದುರುಬದುರಿಟ್ಟು ಸಾಲುಸಾಲಾಗಿ ಸ್ವರಲಿಪಿ ಮಾಡಿದರೆ, ಇಂಗ್ಲೆಂಡಿನ ಪುನರುಜ್ಜೀವನ ‘ಪ್ರಾಚೀನ’ವೆಂದು ಯಾವ ಯಾವ ಸ್ವರಜೋಡಿಗಳನ್ನು ಕೇಳಿಸಿಕೊಂಡಿತು ಎಂಬುದನ್ನು ಖಚಿತವಾಗಿ ಗುರುತಿಸಬಹುದು.